ಬ್ರೇಕಿನ ಕೆಂಪು ದೀಪ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವದು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠವು. ಮೋಟಾರು ನಡೆಸುವವನ ಕಣ್ಣೆದುರಿಗೆ ಉರಿಯುವ ಬ್ರೇಕಿನ ಕೆಂಪು ದೀಪವೂ ಇಂಥದೊಂದು ಕುರುಹೇ ಸರಿ. ಆದರೆ ಹೊಗೆಗೆ ಕಾರಣವು ಒಂದೇ. ಈ ದೀಪಕ್ಕೆ ಮೂರು-ನಾಲ್ಕು. ಆದುದರಿಂದಲೇ ಕೆಲವರು ಅದನ್ನು ಕಂಡೊಡನೆ ಗಾಬರಿಗೊಳ್ಳುತ್ತಾರೆ; ಹಲವರು ‘ಹಳೆಯ ಗಾಡಿ, ಹಾಗೆಯೇ ಉರಿಯುತ್ತಿರುತ್ತದೆ’ ಎಂದು ಸುಮ್ಮನಾಗುತ್ತಾರೆ. ಎರಡನೆಯವರ ಧೈರ್ಯವು ಮೊದಲಿನವರ ಭಯಕ್ಕಿಂತ ಕೆಟ್ಟದ್ದು.

೧೯೮೩ರಲ್ಲಿ ಹುಟ್ಟಿದ ಮಾರುತಿ ೮೦೦ ಗಾಡಿಯ ತಯಾರಿಕೆಯು ೨೦೧೪ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಡರ್ ಗಾಡಿಯದೂ ನಿಂತಿತು. ಆದರೂ ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳಂಥ ಊರುಗಳಲ್ಲಿ ಹಳೆಯ ಗಾಡಿಯನ್ನು ಮನೆಯ ಎತ್ತಿನಂತೆ ಸಾಕಿಕೊಂಡ ಗೃಹಸ್ಥರು ಇದ್ದಾರೆ. ಎರೆಭೂಮಿಯ ಧೂಳು ಒಂದು ಕಡೆ, ಮುಂಡರಗಿ-ಶಿರಹಟ್ಟಿಗಳ ಸೀಮೆಯಲ್ಲಿ ಕಪ್ಪತಗುಡ್ಡದ ಏರಿಳಿತವು ಇನ್ನೊಂದು ಕಡೆ. ಇಂಥಲ್ಲಿ ಈ ದೀಪದ ಮಾತನ್ನು ತಿಳಿದಿರುವದು ಅವಶ್ಯವೆಂದು ನಮಗೆ ತೋರುತ್ತದೆ.

ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತಿಳಿಸಿದನು. ನಾವು ಪೆಡಲನ್ನು ತುಳಿದಾಗ ಬ್ರೇಕ್ ಆಯಿಲು ಆ ಒತ್ತಡವನ್ನು ನಾಲ್ಕೂ ಗಾಲಿಗಳಿಗೆ ಒಯ್ಯುತ್ತದೆ. ಬಾನೆಟ್ಟಿನ ಕೆಳಗಿನ ಚಿಕ್ಕ ಡಬ್ಬಿಯೇ ಈ ಆಯಿಲಿನ ಭಂಡಾರವು. ಅದರೊಳಗೆ ಒಂದು ತೇಲುಬೆಂಡು. ಆಯಿಲು ಇಳಿದರೆ ಬೆಂಡು ಇಳಿದು ದೀಪವನ್ನು ಹೊತ್ತಿಸುವದು. ಹ್ಯಾಂಡ್ ಬ್ರೇಕಿನ ಬುಡದಲ್ಲಿಯ ಸ್ವಿಚ್ಚೂ ಸಾಮಾನ್ಯವಾಗಿ ಇದೇ ದೀಪವನ್ನು ಹೊತ್ತಿಸುವದು.

ಚಾವಿ ತಿರುವಿದೊಡನೆ ಈ ದೀಪವು ಕ್ಷಣಹೊತ್ತು ಉರಿಯುವದು ಬಹುತೇಕ ಗಾಡಿಗಳಲ್ಲಿ ದೋಷವಲ್ಲ, ದೀಪವು ಜೀವಂತವಿರುವದರ ಸಾಕ್ಷಿಯು. ಆಗಲೂ ಉರಿಯದಿದ್ದರೆ, ಹ್ಯಾಂಡ್ ಬ್ರೇಕ್ ಎಳೆದಾಗಲೂ ಉರಿಯದಿದ್ದರೆ, ಬಲ್ಬು ಹೋಗಿರಬಹುದು; ಕಾವಲುಗಾರನೇ ಮಲಗಿದ ಮನೆಯಂತೆ ಇದು ಅಪಾಯಕರವು.

ಹೊರಟ ಮೇಲೂ ದೀಪವು ಆರದಿದ್ದರೆ ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ ಮೊದಲು ಹ್ಯಾಂಡ್ ಬ್ರೇಕು ಪೂರ್ಣ ಇಳಿದಿದೆಯೋ ನೋಡಬೇಕು. ಧೂಳು ಕೂತು ಅದರ ಸ್ವಿಚ್ಚು ಸಿಕ್ಕಿಕೊಳ್ಳುವದುಂಟು. ಎರಡನೆಯದಾಗಿ ಡಬ್ಬಿಯನ್ನು ನೋಡಬೇಕು. ಅದರ ಮೇಲಿನ ಎರಡು ಗೆರೆಗಳ ನಡುವೆ ಆಯಿಲು ಇರತಕ್ಕದ್ದು. ತಿರುವಿನಲ್ಲಿ ಅಥವಾ ಇಳಿಜಾರಿನಲ್ಲಿ ಮಾತ್ರ ದೀಪವು ಮಿಣುಕಿದರೆ ಆಯಿಲು ಕೆಳಗೆರೆಯ ಹತ್ತಿರ ಬಂದಿರಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ಯಾಡುಗಳು ಸವೆದಂತೆ ಆಯಿಲಿನ ಮಟ್ಟವು ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುವದು ಸಹಜವು. ಹೀಗಿರಲು ಪ್ಯಾಡನ್ನು ನೋಡದೆ ಆಯಿಲನ್ನಷ್ಟೇ ಸುರಿದರೆ ದೀಪ ಆರಿತು, ರೋಗ ಉಳಿಯಿತು. ಕೆಲವೇ ದಿನಗಳಲ್ಲಿ ಇಳಿದರೆ ಎಲ್ಲಿಯೋ ಸೋರುತ್ತಿರುವದು ನಿಶ್ಚಯವು. ಗಾಲಿಗಳ ಒಳಮೈ, ಕೊಳವೆಗಳು, ಪೆಡಲಿನ ಹಿಂದಿನ ಜಾಗ, ಇವುಗಳಲ್ಲಿ ಪಸೆಯಿದೆಯೋ ಪರೀಕ್ಷಿಸಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ ೩ ಅಥವಾ ಡಾಟ್ ೪ ಎಂದು ಯಾವುದು ಬರೆದಿದೆಯೋ ಅದನ್ನೇ ಹಾಕತಕ್ಕದ್ದು. ಇಂಜಿನ್ ಆಯಿಲನ್ನು ಹಾಕಿದರೆ ರಬ್ಬರುಗಳು ಉಬ್ಬಿ ಕೆಡುವವು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವದು. ತೇವ ಸೇರಿದರೆ ಬೇಗ ಕುದಿದು ಆವಿಯಾಗಿ ಇಳಿಜಾರಿನಲ್ಲಿ ಪೆಡಲು ಪೊಳ್ಳಾಗುವದು. ಆದ್ದರಿಂದ ಹಿಂದೆಂದೋ ಒಡೆದಿಟ್ಟ ಬಾಟಲಿಯದು ಬೇಡ; ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸುವದು ಒಳ್ಳೆಯದು.

ಆಯಿಲು ಸರಿಯಿದ್ದು, ಹ್ಯಾಂಡ್ ಬ್ರೇಕು ಇಳಿದಿದ್ದರೂ ದೀಪವು ಉರಿಯುವದಾದರೆ ನಮ್ಮ ಶಾಸ್ತ್ರಕಾರರ ಅನ್ವಯ-ವ್ಯತಿರೇಕಗಳೇ ಗತಿ. ಅಂದರೆ, ಒಂದು ಇದ್ದಾಗ ಇನ್ನೊಂದು ಇರುವದನ್ನೂ, ಇಲ್ಲದಾಗ ಇಲ್ಲದಿರುವದನ್ನೂ ನೋಡುವದು. ನಿಂತ ಗಾಡಿಯಲ್ಲಿ ಡಬ್ಬಿಯ ಬೆಂಡಿನ ವಾಯರನ್ನು ಕಳಚಿರಿ; ದೀಪ ಆರಿದರೆ ದೋಷವು ಬೆಂಡಿನದು. ಆರದಿದ್ದರೆ ಹ್ಯಾಂಡ್ ಬ್ರೇಕಿನ ಸ್ವಿಚ್ಚಿನ ವಾಯರನ್ನು ಕಳಚಿರಿ. ಆಗಲೂ ಉರಿದರೆ ವಾಯರು ಎಲ್ಲಿಯೋ ಇಲಿ ಕಡಿದೋ ಸವೆದೋ ಗಾಡಿಯ ಮೈಗೆ ತಗಲುತ್ತಿರಬಹುದು. ಪರೀಕ್ಷೆ ಮುಗಿದ ಮೇಲೆ ವಾಯರುಗಳನ್ನು ಮರಳಿ ಜೋಡಿಸಲು ಮರೆಯಬಾರದು. ಎಬಿಎಸ್ ಇರುವ ಗಾಡಿಯಲ್ಲಿ ಅದರ ದೀಪವೂ ಇದರ ಜೊತೆಗೇ ಉರಿದರೆ ಈ ಉಪಾಯ ಸಾಲದು. ಯಂತ್ರದಿಂದ ಪರೀಕ್ಷಿಸುವ ಗ್ಯಾರೇಜಿಗೇ ಹೋಗಬೇಕು. ಅಲ್ಲಿಯ ವರೆಗೆ ಜೋರಾಗಿ ಬ್ರೇಕು ಹಾಕಿದರೆ ಹಿಂದಿನ ಗಾಲಿಗಳು ಕಚ್ಚಿಕೊಂಡು ಗಾಡಿ ಜಾರಬಹುದು.

ಎಲ್ಲಕ್ಕೂ ಮುಖ್ಯವಾದ ಮಾತೊಂದು. ಇಂಜಿನು ಚಾಲೂ ಇದ್ದು ಗಾಡಿ ನಿಂತಿರುವಾಗ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಮೆಲ್ಲಗೆ ಕೆಳಗಿಳಿದರೆ, ಅಥವಾ ಹತ್ತಿಯಂತೆ ಮೆತ್ತಗಿದ್ದರೆ, ಆ ಗಾಡಿಯು ಒಂದು ಹೆಜ್ಜೆಯೂ ಮುಂದೆ ಹೋಗಕೂಡದು. ಮಿಸ್ತ್ರಿಯೇ ಗಾಡಿಯಿದ್ದಲ್ಲಿಗೆ ಬರಲಿ. ಇಳಿಜಾರಿನಲ್ಲಿಯೇ ಬ್ರೇಕು ಕೈಕೊಟ್ಟರೆ ಪೆಡಲನ್ನು ಮೇಲಿಂದ ಮೇಲೆ ತುಳಿಯುತ್ತ, ಒಂದೊಂದಾಗಿ ಕೆಳಗಿನ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ತುಸುತುಸುವೇ ಎಳೆಯಬೇಕು, ಒಮ್ಮೆಲೆ ಎಳೆಯಬಾರದು.

ದೀಪದ ಕಾಟ ತಪ್ಪಿಸಲು ಬಲ್ಬನ್ನೇ ಕಿತ್ತಿಡುವವರನ್ನು ನಾವು ಕಂಡಿದ್ದೇವೆ. ಗಾಡಿಯನ್ನು ಮಾರಿದ ಮೇಲೆ ಅದನ್ನು ಕೊಂಡವನಿಗೆ ಈ ಸಂಗತಿಯು ತಿಳಿಯುವದೇ ಇಲ್ಲ. ಹಳೆಯ ಗಾಡಿಯನ್ನು ಕೊಳ್ಳುವ ವಾಚಕರು ಬಣ್ಣವನ್ನು ನೋಡುವ ಮೊದಲು ಚಾವಿ ತಿರುವಿ ಆ ಕೆಂಪು ದೀಪವು ಉರಿಯುವದೋ ಇಲ್ಲವೋ ನೋಡಲಿ. ಮಕ್ಕಳುಮರಿಗಳನ್ನು ಕೂಡಿಸಿಕೊಂಡು ಜಾತ್ರೆಗೋ ಮದುವೆಗೋ ಹೊರಡುವ ಯಜಮಾನನಿಗೆ ಅಷ್ಟು ಎಚ್ಚರವು ಹೆಚ್ಚಿನದೇನೂ ಅಲ್ಲ.