ಬ್ರ್ಯಾಕೆಟ್ ದಾಟದ ಹೆಸರುಗಳು

ಬನ್ನಿಮಂಟಪದ ಸಂತ ಫಿಲೋಮಿನಾ ಕಾಲೇಜಿನಲ್ಲಾಗಲಿ, ಮೈಸೂರಿನ ಬೇರೆ ಯಾವ ಕಾಲೇಜಿನಲ್ಲಾಗಲಿ ಸಿ ಭಾಷೆ ಕಲಿಯುವವರಿಗೆ ಬೇಗನೆ ಎದುರಾಗುವ ಪ್ರಶ್ನೆ ಇದು: ಫಂಕ್ಷನ್ ಪ್ರೊಟೊಟೈಪಿನಲ್ಲಿ ಪ್ಯಾರಾಮೀಟರಿಗೆ ಹೆಸರು ಬೇಕೇ? ‘ಇಂಟ್, ಇಂಟ್’ ಎಂದಷ್ಟೇ ಬರೆದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಹಾಗಾದರೆ ಹೆಸರು ಯಾರಿಗಾಗಿ?

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದಾಗ ಪ್ರೊಟೊಟೈಪ್ ಇರಲೇ ಇಲ್ಲ. 1978ರಲ್ಲಿ ಬ್ರಯನ್ ಕರ್ನಿಗನ್ ಜೊತೆ ಅವರು ಬರೆದ ಪುಸ್ತಕದಲ್ಲೂ ಫಂಕ್ಷನ್ ಘೋಷಣೆಯ ಬ್ರ್ಯಾಕೆಟ್ ಖಾಲಿ. ಮೂರು ಆರ್ಗ್ಯುಮೆಂಟ್ ಬೇಕಾದ ಕಡೆ ಎರಡೇ ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತಿತ್ತು. ಪ್ರೋಗ್ರಾಂ ಓಡುವಾಗ ಕೆಡುತ್ತಿತ್ತು. ಇಂಥ ತಪ್ಪುಗಳನ್ನೂ ಹುಡುಕುವ ‘ಲಿಂಟ್’ ಎಂಬ ಪ್ರೋಗ್ರಾಮನ್ನು ಸ್ಟೀಫನ್ ಜಾನ್ಸನ್ ಬರೆದರು. ಬ್ರ್ಯಾಕೆಟ್ಟಿನೊಳಗೆ ಟೈಪ್ ನಮೂದಿಸುವ ಪದ್ಧತಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸಿ ಪ್ಲಸ್ ಪ್ಲಸ್ ಕಡೆಯಿಂದ ಬಂತು. 1989ರ ಆನ್ಸಿ ಮಾನದಂಡ ಅದನ್ನು ಸಿ ಭಾಷೆಗೆ ತಂದಿತು.

ಆ ಮಾನದಂಡದಲ್ಲಿ ಪ್ರೊಟೊಟೈಪಿಗೆ ಟೈಪ್ ಬೇಕೇ ಬೇಕು, ಹೆಸರು ಬರೆಯುವವರ ಇಷ್ಟ. ಬರೆದ ಹೆಸರಿನ ಸ್ಕೋಪ್ ಆ ಘೋಷಣೆಗೇ ಮುಗಿಯುತ್ತದೆ, ದಸರೆಯ ಪಂಜಿನ ಕವಾಯತಿನ ಪಾಸು ಮೈದಾನದ ಆಚೆ ನಡೆಯದ ಹಾಗೆ. ಹಾಗಾಗಿ ಪ್ರೊಟೊಟೈಪಿನಲ್ಲಿ ಒಂದು ಹೆಸರು, ಫಂಕ್ಷನ್ ಬರೆಯುವಾಗ ಇನ್ನೊಂದು ಇದ್ದರೂ ತೊಂದರೆಯಿಲ್ಲ.

ಆದರೆ ಸ್ಟ್ರಕ್ಟ್ ವಿಷಯದಲ್ಲಿ ಇದೇ ನಿಯಮ ಕಾಡುತ್ತದೆ. ಮೊದಲೆಲ್ಲೂ ಘೋಷಿಸದ ‘ಸ್ಟ್ರಕ್ಟ್ ವಿದ್ಯಾರ್ಥಿ’ ನೇರವಾಗಿ ಪ್ರೊಟೊಟೈಪಿನ ಬ್ರ್ಯಾಕೆಟ್ಟಿನಲ್ಲೇ ಕಾಣಿಸಿಕೊಂಡರೆ ಅದರ ಆಯಸ್ಸೂ ಅಲ್ಲಿಗೇ ಮುಗಿಯಿತು. ಕೆಳಗೆ ಅದೇ ಹೆಸರಿನಲ್ಲಿ ಸ್ಟ್ರಕ್ಟ್ ಬರೆದರೆ ಕಂಪೈಲರ್ ಪಾಲಿಗೆ ಅದು ಬೇರೆಯೇ ಟೈಪ್. ಪ್ಯಾರಾಮೀಟರ್ ಪಟ್ಟಿಯೊಳಗೆ ಘೋಷಿಸಿದ್ದು ಹೊರಗೆ ಕಾಣುವುದಿಲ್ಲ ಎಂದು ಜಿಸಿಸಿ ಕಂಪೈಲರ್ ಎಚ್ಚರಿಸುವುದು ಇದಕ್ಕೇ. ಪ್ರೊಟೊಟೈಪಿನ ಮೇಲೆ ‘ಸ್ಟ್ರಕ್ಟ್ ವಿದ್ಯಾರ್ಥಿ;’ ಎಂದು ಒಂದು ಸಾಲು ಸೇರಿಸಿದರೆ ಸಮಸ್ಯೆ ತೀರುತ್ತದೆ.

ಹೆಸರಿನ ಬೆಲೆ ತಿಳಿಯಲು ಮೆಮೊರಿ ತುಂಬುವ ‘ಮೆಮ್‌ಸೆಟ್’ ಫಂಕ್ಷನ್ ನೋಡಬೇಕು. ಅದರ ಎರಡನೆಯ ಆರ್ಗ್ಯುಮೆಂಟ್ ಏನು ತುಂಬಬೇಕು ಎಂಬುದು, ಮೂರನೆಯದು ಎಷ್ಟು ಬೈಟ್ ಎಂಬುದು. ಎರಡೂ ಪೂರ್ಣಾಂಕಗಳೇ, ಅದಲುಬದಲಾದರೂ ಟೈಪ್ ತಪಾಸಣೆಗೆ ಸಿಗುವುದಿಲ್ಲ. ಸೊನ್ನೆ ತುಂಬಲು ಹೊರಟವರು ಸೊನ್ನೆ ಬೈಟ್ ತುಂಬುತ್ತಾರೆ, ಮೆಮೊರಿಯಲ್ಲಿ ಹಳೆಯದೆಲ್ಲ ಹಾಗೇ ಉಳಿಯುತ್ತದೆ. ಪ್ರೊಟೊಟೈಪಿನಲ್ಲಿ ಹೆಸರಿದ್ದರೆ ಕರೆ ಬರೆಯುವವರಿಗೆ ಕ್ರಮ ಕಣ್ಣಿಗೆ ಬೀಳುತ್ತದೆ. ಲಿನಕ್ಸ್ ಕರ್ನಲ್ ಬಳಗ ತನ್ನ ಶೈಲಿ ಕೈಪಿಡಿಯಲ್ಲಿ ಟೈಪಿನ ಜೊತೆ ಹೆಸರನ್ನೂ ಬರೆಯಿರಿ ಎಂದು ಹೇಳಿರುವುದು ಓದುವವರನ್ನು ನೆನೆದೇ.

ಸಿ23 ಮಾನದಂಡ ಖಾಲಿ ಬ್ರ್ಯಾಕೆಟ್ಟಿನ ಹಳೆಯ ಸಡಿಲ ಅರ್ಥವನ್ನೂ ತೆಗೆದುಹಾಕಿತು; ಈಗ ಅದರರ್ಥ ಆರ್ಗ್ಯುಮೆಂಟೇ ಇಲ್ಲವೆಂದು. ಭಾಷೆ ಬಿಗಿಯಾಗುತ್ತಾ ಬಂದರೂ ಹೆಸರಿನ ಹೊಣೆ ಮಾತ್ರ ಬರೆಯುವವರದೇ. ಲ್ಯಾಬಿನ ಮೊದಲ ಪ್ರೋಗ್ರಾಮಿನಿಂದಲೇ ಆ ಅಭ್ಯಾಸ ಬೆಳೆಯಲಿ.