ಉಡುಪಿಯ ಕೃಷ್ಣಪೂಜೆ: ಪರ್ಯಾಯ ಪದ್ಧತಿಯಲ್ಲಿ ಅರ್ಚನೆ ಮತ್ತು ಅನ್ನ

ಆಚಾರ್ಯ ಮಧ್ವರು ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಕೃಷ್ಣನ ಪೂಜಾಧಿಕಾರವು ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳಲ್ಲಿ ಸರದಿಯಾಗಿ ಸಾಗುತ್ತದೆ. ಈ ಸರದಿಯೇ ಪರ್ಯಾಯ. ಇದನ್ನು ಪೀಠಾರೋಹಣದ ಉತ್ಸವವೆಂದಷ್ಟೇ ಗ್ರಹಿಸುವುದು ರೂಢಿ. ಆದರೆ ಅದರ ವಿಧಿಗಳನ್ನು ಗಮನಿಸಿದರೆ, ದೇವರ ಅರ್ಚನೆಯೂ ಜನರ ಅನ್ನವೂ ಒಂದೇ ಹೊಣೆಯ ಎರಡು ಮುಖಗಳೆಂಬ ಕಲ್ಪನೆ ಅಲ್ಲಿ ಅಡಗಿರುವುದು ವ್ಯಕ್ತವಾಗುತ್ತದೆ.

ಮೊದಲು ಈ ಸರದಿಯ ಅವಧಿ ಎರಡು ತಿಂಗಳಾಗಿತ್ತು. ಸೋದೆ ಮಠದ ವಾದಿರಾಜರು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. ಹೊಸ ಕ್ರಮವು 1522ರಲ್ಲಿ ಆರಂಭವಾಯಿತೆಂಬುದು ಸಂಪ್ರದಾಯದ ನಿಲುವು. ಎರಡು ತಿಂಗಳ ಅವಧಿಯಲ್ಲಿ ಯಾವ ಮಠಕ್ಕೂ ವರ್ಷದ ಉತ್ಸವಚಕ್ರ ಪೂರ್ಣವಾಗಿ ದೊರೆಯುವಂತಿರಲಿಲ್ಲ. ವಿಸ್ತರಣೆಯಿಂದ ಅದು ದೊರೆಯಿತು. ಉಳಿದ ಹದಿನಾಲ್ಕು ವರ್ಷಗಳು ಅಧ್ಯಯನಕ್ಕೂ ಸಂಚಾರಕ್ಕೂ ಒದಗಿದವು.

ಪರ್ಯಾಯದ ಸಿದ್ಧತೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತದಿಂದ ಮೊದಲಾಗುತ್ತದೆ. ಅನಂತರ ಅಕ್ಕಿ, ಕಟ್ಟಿಗೆ, ಭತ್ತ ಮುಹೂರ್ತಗಳು ಬರುತ್ತವೆ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಎಲೆ, ಧಾನ್ಯ, ಉರುವಲು ಇವೆಲ್ಲ ಅಡುಗೆಮನೆಯ ವಸ್ತುಗಳೇ. 'ಬಾಳೆ', 'ಅಕ್ಕಿ' ಎಂಬ ಅಚ್ಚಗನ್ನಡ ಪದಗಳು ಸಂಸ್ಕೃತದ 'ಮುಹೂರ್ತ'ದೊಡನೆ ಕೂಡಿರುವುದನ್ನು ವೈಯಾಕರಣರು ಅರಿಸಮಾಸವೆಂದಾರು. ಸಾಂಸ್ಕೃತಿಕವಾಗಿ ಮಾತ್ರ ಇದು ಶಾಸ್ತ್ರವೂ ಬೇಸಾಯದ ಬದುಕೂ ಬೆಸೆದುಕೊಂಡುದರ ಗುರುತು.

ಸಮಸಂಖ್ಯೆಯ ವರ್ಷದ ಜನವರಿ 18ರ ನಸುಕಿನಲ್ಲಿ ಪೀಠವೇರುವ ಯತಿಗಳು ಕಾಪು ಸಮೀಪದ ದಂಡತೀರ್ಥದಲ್ಲಿ ಮಿಂದು, ಉಡುಪಿಯ ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬರುತ್ತಾರೆ. ಕನಕನ ಕಿಂಡಿಯ ಮೂಲಕ ಕೃಷ್ಣದರ್ಶನ ಪಡೆದು, ಚಂದ್ರೇಶ್ವರ ಹಾಗೂ ಅನಂತೇಶ್ವರರನ್ನು ವಂದಿಸಿ ಮಠವನ್ನು ಪ್ರವೇಶಿಸುತ್ತಾರೆ. ಆಗ ನಿರ್ಗಮಿಸುವ ಯತಿಗಳು ಹಸ್ತಾಂತರಿಸುವುದು ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ ಮತ್ತು ಸಟ್ಟುಗ. ಕೀಲಿಕೈ ಅರ್ಚನೆಯ ಅಧಿಕಾರವನ್ನು ಸೂಚಿಸಿದರೆ, ಪಾತ್ರೆಯೂ ಸಟ್ಟುಗವೂ ಉಣಬಡಿಸುವ ಕರ್ತವ್ಯವನ್ನು ಸೂಚಿಸುತ್ತವೆ.

ನಿರ್ಮಾಲ್ಯ ವಿಸರ್ಜನೆಯಿಂದ ಏಕಾಂತಸೇವೆಯವರೆಗೆ ದಿನಕ್ಕೆ ಹದಿನಾಲ್ಕು ಪೂಜೆಗಳು ನಡೆಯುತ್ತವೆ. ಮೂರ್ತಿಯನ್ನು ಮುಟ್ಟಿ ಪೂಜಿಸುವ ಅಧಿಕಾರ ಅಷ್ಟಮಠಗಳ ಯತಿಗಳಿಗೆ ಮೀಸಲು. ವಿದೇಶಯಾತ್ರೆ ಕೈಗೊಂಡ ಯತಿಗಳಿಗೆ ಈ ಅಧಿಕಾರ ಉಂಟೇ ಎಂಬ ಪ್ರಶ್ನೆ 2008ರ ಪುತ್ತಿಗೆ ಪರ್ಯಾಯದ ಸಂದರ್ಭದಲ್ಲಿ ವಿವಾದವಾಯಿತು. ಆದರೂ ಸರದಿ ಮುರಿಯಲಿಲ್ಲ. ಹದಿನಾರು ವರ್ಷಗಳ ಬಳಿಕ, 2024ರಲ್ಲಿ, ಅದೇ ಮಠ ಮರಳಿ ಪೀಠವೇರಿತು. ಸ್ಪರ್ಶದ ಅಧಿಕಾರ ಕೆಲವರಿಗೆ ಸೀಮಿತ, ಅನ್ನದ ಹೊಣೆ ಬಂದವರೆಲ್ಲರಿಗೂ ವಿಸ್ತೃತ. ಈ ಎರಡರ ನಡುವಣ ಸಂಬಂಧವನ್ನು ಬಿಟ್ಟು ಉಡುಪಿಯ ಕೃಷ್ಣಪೂಜೆಯನ್ನು ಅರ್ಥೈಸುವ ಅಧ್ಯಯನ ಅಪೂರ್ಣವೆನಿಸುತ್ತದೆ.