ಹಿಮಖಂಡದಲ್ಲಿ ಹೆಜ್ಜೆಯಿಡುವ ಮನೆಗಳು

ಒಂದು ಇಡೀ ಸಂಶೋಧನಾ ಕೇಂದ್ರವೇ ಎದ್ದು 23 ಕಿಲೋಮೀಟರ್ ದೂರ ಸಾಗಿ, ಹೊಸ ಜಾಗದಲ್ಲಿ ನೆಲೆನಿಂತ ಅದ್ಭುತ ಅಂಟಾರ್ಕ್ಟಿಕಾದಲ್ಲಿ ನಡೆದಿದೆ. ಬ್ರಿಟನ್ನಿನ ಹ್ಯಾಲಿ-6 ಕೇಂದ್ರದ್ದು ಎಂಟು ಬೃಹತ್ ಘಟಕಗಳ ಸಾಲು. ನಡುವಿನದು ಕೆಂಪು, ಉಳಿದ ಏಳೂ ನೀಲಿ. ಪ್ರತಿಯೊಂದೂ ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತಿದೆ, ಪ್ರತಿ ಕಾಲಿನಡಿಯಲ್ಲೂ ಹಿಮದ ಮೇಲೆ ಜಾರಬಲ್ಲ ದೈತ್ಯ ಸ್ಕೀ ಇದೆ. ಕೇಂದ್ರ ನಿಂತಿದ್ದ ಬ್ರಂಟ್ ಹಿಮಹಾಸಿನಲ್ಲಿ ಬಿರುಕು ಹಿಗ್ಗತೊಡಗಿದಾಗ ಘಟಕಗಳನ್ನು ಒಂದೊಂದಾಗಿ ಬಿಡಿಸಿ, ಟ್ರ್ಯಾಕ್ಟರುಗಳಿಗೆ ಕಟ್ಟಿ, ಬಿರುಕಿನ ಆಚೆಗೆ ಎಳೆದೊಯ್ದರು. 2017ರ ಆರಂಭದಲ್ಲಿ ಆ ಕಾರ್ಯ ಮುಗಿಯಿತು. 2023ರ ಜನವರಿಯಲ್ಲಿ ಸುಮಾರು 1,550 ಚದರ ಕಿಲೋಮೀಟರ್ ವಿಸ್ತಾರದ ಹಿಮಖಂಡ ಅಲ್ಲಿಂದ ಕಳಚಿಕೊಂಡು ಸಮುದ್ರಕ್ಕೆ ಸರಿದಾಗ, ಕೇಂದ್ರದ ಹಳೆಯ ನಿವೇಶನವೂ ಅದರೊಂದಿಗೆ ಹೊರಟುಹೋಯಿತು. ಕೇಂದ್ರ ಮಾತ್ರ ಸುರಕ್ಷಿತವಾಗಿತ್ತು.

ಮನೆಯೆಂದರೆ ಭದ್ರವಾದ ಅಡಿಪಾಯ ಎಂಬುದು ನಮ್ಮ ಸಹಜ ಭಾವನೆ. ಘೋರ ಶೀತಪ್ರದೇಶದ ವಾಸ್ತುಶಿಲ್ಪ ಈ ಭಾವನೆಯನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿ ನೆಲಕ್ಕೆ ಅಂಟಿಕೊಂಡ ಕಟ್ಟಡ ಬಾಳುವುದಿಲ್ಲ. ಎತ್ತಿ ಒಯ್ಯಬಲ್ಲದ್ದು, ಬಿಚ್ಚಿ ಜೋಡಿಸಬಲ್ಲದ್ದು ಬಾಳುತ್ತದೆ. ಇದನ್ನು ಕಲಿಸಿದ್ದೂ ಹ್ಯಾಲಿಯ ಇತಿಹಾಸವೇ. 1956ರಲ್ಲಿ ಆರಂಭವಾದ ಈ ನೆಲೆಯ ಮೊದಲ ನಾಲ್ಕು ಕಟ್ಟಡಗಳೂ ಒಂದರ ನಂತರ ಒಂದು ಹಿಮದಡಿ ಹೂತು, ಅದರ ಭಾರಕ್ಕೆ ನಲುಗಿಹೋದವು. ಓಜೋನ್ ಪದರದ ರಂಧ್ರವನ್ನು 1985ರಲ್ಲಿ ಲೋಕಕ್ಕೆ ತಿಳಿಸಿದ ಮಹತ್ತರ ಅವಲೋಕನಗಳು ನಡೆದದ್ದು ಇಂಥ ನೆಲೆಯಲ್ಲಿ ಎಂಬುದನ್ನು ನೆನೆದರೆ, ಈ ಶಿಬಿರಗಳ ಬೆಲೆ ಏನೆಂದು ಅರಿವಾಗುತ್ತದೆ.

1983ರ ಜುಲೈ 21ರಂದು ರಷ್ಯನ್ನರ ವೊಸ್ತೋಕ್ ಕೇಂದ್ರದಲ್ಲಿ ಉಷ್ಣಾಂಶ ಮೈನಸ್ 89.2 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆದರೂ ಶಿಬಿರದ ವಿನ್ಯಾಸಕಾರರಿಗೆ ಚಳಿಯೊಂದೇ ಶತ್ರುವಲ್ಲ. ಗಾಳಿ ತಂದು ಸುರಿಯುವ ಹಿಮ ಅದಕ್ಕಿಂತ ಹಟಮಾರಿ. ತಡೆಯೊಂದು ಎದುರಾದೊಡನೆ ಗಾಳಿಯ ವೇಗ ಕುಗ್ಗುತ್ತದೆ, ಹೊತ್ತುತಂದ ಹಿಮವೆಲ್ಲ ಅದರ ಮರೆಯಲ್ಲಿ ರಾಶಿ ಬೀಳುತ್ತದೆ. ಆದ್ದರಿಂದಲೇ ಆಧುನಿಕ ಕೇಂದ್ರಗಳು ಕಾಲುಗಳ ಮೇಲೆ ಎದ್ದು ನಿಂತು, ಗಾಳಿಗೆ ತಮ್ಮಡಿಯಲ್ಲೇ ದಾರಿ ಬಿಟ್ಟುಕೊಡುತ್ತವೆ. ನುಗ್ಗಿಹೋಗುವ ಗಾಳಿ ಹಿಮವನ್ನು ಗುಡಿಸಿಕೊಂಡೇ ಹೋಗುತ್ತದೆ. ಹ್ಯಾಲಿಯಲ್ಲಂತೂ ಒಂದೊಂದೇ ಕಾಲನ್ನು ಮೇಲಕ್ಕೆತ್ತಿ, ಅದರಡಿ ಬುಲ್ಡೋಜರಿನಿಂದ ಹಿಮ ತುಂಬಿ, ಮತ್ತೆ ಕಾಲೂರಿಸಿ ಇಡೀ ಕೇಂದ್ರವನ್ನು ಮೇಲೇರಿಸುತ್ತಾರೆ.

ಹಿಮದಲ್ಲಿ ಮನೆ ಕಟ್ಟುವ ಜ್ಞಾನದ ಮೂಲಪುರುಷರು ಉತ್ತರ ಧ್ರುವವಲಯದ ಜನರೇ. ಇನ್ಯುಯಿಟರ ಇಗ್ಲೂವಿನ ಪ್ರವೇಶಮಾರ್ಗ ಮಲಗುವ ಕಟ್ಟೆಗಿಂತ ತಗ್ಗಿನಲ್ಲಿರುತ್ತದೆ. ಭಾರವಾದ ತಣ್ಣನೆಯ ಗಾಳಿ ಕೆಳಗೇ ಉಳಿದರೆ, ಬೆಚ್ಚನೆಯದು ಮೇಲೆ ಮಲಗಿದವರ ಸುತ್ತ ನಿಲ್ಲುತ್ತದೆ. ಹಿಮದ ಗೋಡೆಯೊಳಗೆ ಸೆರೆಯಾದ ಗಾಳಿಯೇ ಉಷ್ಣನಿರೋಧಕ. ಸೀಲ್ ಎಣ್ಣೆಯ ಪುಟ್ಟ ದೀಪವೇ ಅಲ್ಲಿ ಅಗ್ಗಿಷ್ಟಿಕೆ. ಸೈಬೀರಿಯಾದ ನೆನೆಟ್ಸ್ ಅಲೆಮಾರಿಗಳು ಮರದ ಕಂಬಗಳಿಗೆ ಹಿಮಸಾರಂಗದ ಚರ್ಮ ಹೊದಿಸಿ ‘ಚುಮ್’ ಎಂಬ ಗುಡಾರ ಕಟ್ಟುತ್ತಾರೆ. ಹಿಂಡು ಹೊರಟಾಗ ಅದನ್ನು ಬಿಚ್ಚಿ ಜಾರುಬಂಡಿಗೇರಿಸುತ್ತಾರೆ. ಕಟ್ಟುವ, ಬಿಚ್ಚುವ ಹೊಣೆ ಹೆಂಗಸರದು. ಪ್ರಯೋಗಾಲಯವಿಲ್ಲದೆ, ತಲೆಮಾರುಗಳ ಅನುಭವದಿಂದಲೇ ರೂಪುಗೊಂಡ ಈ ಪರಿಪೂರ್ಣತೆಗೆ ಯಾರಾದರೂ ತಲೆಬಾಗಲೇಬೇಕು.

ದಕ್ಷಿಣ ಧ್ರುವದ ಅನ್ವೇಷಕರು ಹಡಗಿನಲ್ಲೇ ಮನೆ ಹೊತ್ತು ಬಂದವರು. 1911ರಲ್ಲಿ ಕ್ಯಾಪ್ಟನ್ ಸ್ಕಾಟ್ ತಂಡ ಕೇಪ್ ಇವಾನ್ಸ್‌ನಲ್ಲಿ ಮೊದಲೇ ಕತ್ತರಿಸಿ ಸಿದ್ಧಪಡಿಸಿದ್ದ ಮರದ ಭಾಗಗಳನ್ನು ಜೋಡಿಸಿ ಮನೆ ನಿಲ್ಲಿಸಿತು. ಗೋಡೆಯ ಹಲಗೆಗಳ ನಡುವೆ ಚಳಿ ತಡೆಯಲು ತುಂಬಿದ್ದು, ಸೆಣಬಿನ ಬಟ್ಟೆಯಲ್ಲಿ ಹೊಲಿದ ಒಣ ಕಡಲಕಳೆ! ಶತಮಾನ ದಾಟಿದರೂ ಆ ಮನೆ ಇಂದಿಗೂ ನಿಂತಿದೆ. ಅವರ ಪ್ರತಿಸ್ಪರ್ಧಿ ಅಮುಂಡ್‌ಸೆನ್ ತಂಡದ್ದು ಬೇರೆಯೇ ಜಾಣ್ಮೆ. ಮನೆಯ ಸುತ್ತ ಬಿದ್ದ ಹಿಮರಾಶಿಯನ್ನೇ ಕೊರೆದು ಕಾರ್ಯಾಗಾರ, ಉಗ್ರಾಣ, ಹಬೆಸ್ನಾನದ ಕೋಣೆಯನ್ನೂ ಅವರು ಮಾಡಿಕೊಂಡರು.

ಸ್ಕಾಟ್ ಕಾಲದ ಇನ್ನೊಂದು ಬಳುವಳಿ ಪಿರಮಿಡ್ ಆಕಾರದ ಗುಡಾರ. ನಾಲ್ಕು ದಪ್ಪ ಕೋಲು, ಎರಡು ಪದರದ ಬಟ್ಟೆ, ನಡುವೆ ಗಾಳಿ. ಬುಡದಲ್ಲಿ ಅಗಲವಾದ ಬಟ್ಟೆಯ ಅಂಚು; ಅದರ ಮೇಲೆ ಹಿಮದ ಗಟ್ಟಿಗಳನ್ನೂ ಆಹಾರದ ಪೆಟ್ಟಿಗೆಗಳನ್ನೂ ಹೇರಿದರೆ ಬಿರುಗಾಳಿಗೂ ಅಲುಗದು. ಬಾಗಿಲು ಬಟ್ಟೆಯ ಕೊಳವೆ. ತೆವಳಿಕೊಂಡು ಒಳಹೊಕ್ಕು, ಗೋಣಿಚೀಲದ ಬಾಯಿ ಕಟ್ಟಿದಂತೆ ಹಿಂದಿನಿಂದ ಬಿಗಿಯಬೇಕು. ನೆತ್ತಿಯಲ್ಲಿ ಶಾಖ ಹೆಚ್ಚು, ಆದ್ದರಿಂದ ಒದ್ದೆ ಕಾಲುಚೀಲಗಳು ಅಲ್ಲಿ ತೂಗುತ್ತವೆ. ಉಸಿರಿನ ತೇವ, ಅಡುಗೆಯ ಹಬೆ ಬಟ್ಟೆಗೆ ತಾಗಿದೊಡನೆ ಹಿಮದ ಹರಳಾಗಿ, ಬೆಳಗ್ಗೆ ಹಾಸಿಗೆಯ ಮೇಲೆ ಉದುರುತ್ತವೆ. ಸ್ಟೌ ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಕವಾದ್ದರಿಂದ ವಾತಾಯನವನ್ನು ಎಂಥ ಚಳಿಯಲ್ಲೂ ಮುಚ್ಚುವಂತಿಲ್ಲ. ಅಡುಗೆ ಕಡಿಮೆಯಾದಷ್ಟೂ ಶಿಬಿರ ಕ್ಷೇಮ. ಎತ್ತರದ ಗಡಿಗಳಲ್ಲಿರುವ ಯೋಧರಿಗಾಗಿ ಸಿದ್ಧ ಆಹಾರ ರೂಪಿಸಿದ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಕೆಲಸವನ್ನು ಈ ದೃಷ್ಟಿಯಿಂದಲೂ ಗೌರವಿಸಬೇಕು.

ಭಾರತದ ಪಯಣವೂ ಇದೇ ಪಾಠಗಳ ಮೂಲಕ ಸಾಗಿದೆ. 1982ರ ಜನವರಿಯಲ್ಲಿ ಎಸ್. ಝಡ್. ಖಾಸಿಂ ನೇತೃತ್ವದ ಮೊದಲ ತಂಡ ಅಂಟಾರ್ಕ್ಟಿಕಾ ಮುಟ್ಟಿತು. ಹಿಮಹಾಸಿನ ಮೇಲೆ 1983-84ರಲ್ಲಿ ಎದ್ದ ದಕ್ಷಿಣ ಗಂಗೋತ್ರಿ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಮುಳುಗಿತು, 1990ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಷ್ಟರಲ್ಲಿ ಶಿರ್ಮಾಕರ್ ಓಯಸಿಸ್‌ನ ಕಲ್ಲುನೆಲದ ಮೇಲೆ ಮೈತ್ರಿ ಸಿದ್ಧವಾಗಿತ್ತು. 2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಕಾರ್ಯಾರಂಭ ಮಾಡಿದ ಭಾರತಿ ಕೇಂದ್ರವಂತೂ ವಿನ್ಯಾಸಲೋಕದ ಕಣ್ಣು ಸೆಳೆದ ಕೃತಿ. 134 ಹಡಗಿನ ಕಂಟೇನರುಗಳೇ ಅದರ ಕೋಣೆಗಳು, ಪ್ರಯೋಗಾಲಯಗಳು. ಅವನ್ನೆಲ್ಲ ಸುತ್ತುವರಿದಿರುವುದು ಗಾಳಿ ಜಾರಿಹೋಗುವಂಥ ಲೋಹದ ಹೊರಕವಚ. ವಿದ್ಯುತ್ ಜನರೇಟರಿನಿಂದ ವ್ಯರ್ಥವಾಗಬೇಕಿದ್ದ ಶಾಖವೇ ಇಡೀ ಕಟ್ಟಡವನ್ನು ಬೆಚ್ಚಗಿಡುತ್ತದೆ.

ಹಿಮಾಲಯದಲ್ಲಿ ಸವಾಲು ಇನ್ನಷ್ಟು ತುರ್ತಿನದು. ಸೀಮೆಎಣ್ಣೆಯ ಬುಖಾರಿ ಒಲೆಗಳಿಗೆ ಇಂಧನ ಸಾಗಿಸುವುದೇ ಅಲ್ಲಿ ದೊಡ್ಡ ಸಾಹಸ. 2021ರ ಫೆಬ್ರುವರಿಯಲ್ಲಿ ಲಡಾಖಿನ ಸೋನಮ್ ವಾಂಗ್‌ಚುಕ್, ಗಲ್ವಾನ್ ಕಣಿವೆಯ ಯೋಧರಿಗಾಗಿ ಸೂರ್ಯಶಾಖದ ಗುಡಾರ ರೂಪಿಸಿದರು. ಹತ್ತು ಮಂದಿಗೆ ಆಗುವ ಈ ಗುಡಾರದ ಯಾವ ಭಾಗವೂ 30 ಕಿಲೋ ಮೀರದು. ರಾತ್ರಿ ಹತ್ತಕ್ಕೆ ಒಳಗೆ 15 ಡಿಗ್ರಿ ಬೆಚ್ಚಗಿತ್ತೆಂದೂ, ಹಿಂದಿನ ರಾತ್ರಿ ಹೊರಗಿನ ಕನಿಷ್ಠ ಉಷ್ಣಾಂಶ ಮೈನಸ್ 14 ಡಿಗ್ರಿಯಿತ್ತೆಂದೂ ಅವರು ಪ್ರಕಟಿಸಿದರು. ಸುಟ್ಟ ಇಂಧನ ಒಂದು ಹನಿಯೂ ಇಲ್ಲ.

1991ರ ಮ್ಯಾಡ್ರಿಡ್ ಒಡಂಬಡಿಕೆ ಅಂಟಾರ್ಕ್ಟಿಕಾದ ಪರಿಸರಕ್ಕೆ ಕಟ್ಟುನಿಟ್ಟಿನ ರಕ್ಷಣೆ ಒದಗಿಸಿದೆ. ಶಿಬಿರ ಬಿಚ್ಚುವ ತಂಡ ತನ್ನ ಕಸವನ್ನು ಅಲ್ಲೇ ಬಿಟ್ಟು ಬರುವಂತಿಲ್ಲ. ಭಾರತಿಯನ್ನೂ ಮುಂದೊಂದು ದಿನ ಪೂರ್ತಿ ಬಿಚ್ಚಿ ಸಾಗಿಸಬಹುದಾದ ಹಾಗೆಯೇ ಕಟ್ಟಲಾಗಿದೆ. ಈಗ ವಯಸ್ಸಾದ ಮೈತ್ರಿಯ ಬದಲಿಗೆ ಮೈತ್ರಿ-2 ನಿರ್ಮಿಸುವ ಸಿದ್ಧತೆ ನಡೆದಿದ್ದು, ದಕ್ಷಿಣ ಗಂಗೋತ್ರಿ ಕಲಿಸಿದ್ದೂ ಭಾರತಿ ಸಾಧಿಸಿದ್ದೂ ಅದರ ವಿನ್ಯಾಸಕಾರರ ಕಣ್ಣಮುಂದಿವೆ.